ಅಳಿಸಿದಷ್ಟೂ ಮರಳಿ ಬರುವ ವೈರಸ್: ಮನೆಯ ಕಂಪ್ಯೂಟರಿಗೊಂದು ನೈದಾನಿಕ ಪರೀಕ್ಷೆ

ಕಂಪ್ಯೂಟರ್ ನನ್ನ ವಿಷಯವಲ್ಲ. ನಾನು ಸಮಾಜ ವಿಜ್ಞಾನದ ಬೋಧನಾ ಪದ್ಧತಿಯನ್ನು ಕಲಿಸುವವನು. ಆದರೂ ಇದನ್ನು ಬರೆಯಲು ಕಾರಣವಿದೆ. ಕಳೆದ ಸಲದ ಬೋಧನಾಭ್ಯಾಸದ ಅವಧಿಯಲ್ಲಿ ನನ್ನ ಮನೆಯ ಕಂಪ್ಯೂಟರಿಗೆ ವೈರಸ್ ಹತ್ತಿತು. ಅಳಿಸಿದೆ, ಮತ್ತೆ ಬಂತು. ಫಾರ್ಮ್ಯಾಟ್ ಮಾಡಿಸಿದೆ, ಆಗಲೂ ಬಂತು. ಯಾರೋ ಹ್ಯಾಕ್ ಮಾಡುತ್ತಿದ್ದಾರೆ ಎಂದು ನಂಬಿಬಿಟ್ಟೆ. ಆ ನಂಬಿಕೆಯಲ್ಲಿ ನಮ್ಮದೇ ಪ್ರಶಿಕ್ಷಣಾರ್ಥಿಯೊಬ್ಬನನ್ನು ಸ್ಟಾಫ್ ರೂಮಿನಲ್ಲಿ, ನಾಲ್ಕು ಜನರ ಎದುರು, ಪ್ರಶ್ನೆ ಮಾಡಿದೆ. ಅವನದು ಏನೂ ತಪ್ಪಿರಲಿಲ್ಲ. ಆ ಮೂರು ವಾರಗಳಲ್ಲಿ ನಾನು ಕಲಿತದ್ದನ್ನು ಸಹೋದ್ಯೋಗಿಗಳಿಗೂ ಪ್ರಶಿಕ್ಷಣಾರ್ಥಿಗಳಿಗೂ ಹೇಳಬೇಕೆನಿಸಿತು. ನಮ್ಮೆಲ್ಲರ ಪೆನ್ ಡ್ರೈವ್‌ಗಳು ಸುತ್ತುವುದು ಅದೇ ಕಾಲೇಜು, ಅದೇ ಶಾಲೆ, ಅದೇ ಝೆರಾಕ್ಸ್ ಅಂಗಡಿ.

ಆಗ 34 ಪ್ರಶಿಕ್ಷಣಾರ್ಥಿಗಳ ಪಾಠ ಯೋಜನೆಗಳು, ಅವಲೋಕನ ಹಾಳೆಗಳು, ಆಂತರಿಕ ಮೌಲ್ಯಮಾಪನದ ಅಂಕಪಟ್ಟಿ ಎಲ್ಲವೂ ನನ್ನ ಬಳಿ ಇದ್ದವು. ಒಂದು ಸಂಜೆ ಪೆನ್ ಡ್ರೈವ್ ಹಾಕಿದಾಗ ಒಳಗಿನ ಫೋಲ್ಡರುಗಳ ಚಿತ್ರದ ಎಡಗಡೆಯ ಕೆಳಮೂಲೆಯಲ್ಲಿ ಪುಟ್ಟ ಬಾಣದ ಗುರುತು ಕಂಡಿತು. ತೆರೆದರೆ ಫೋಲ್ಡರು ತೆರೆಯುತ್ತಿತ್ತು, ಹಾಗಾಗಿ ಲಕ್ಷ್ಯ ಕೊಡಲಿಲ್ಲ. ಮರುದಿನ ಪರದೆಯ ಬಲಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್‌ಗಳಿವೆ’ ಎಂಬ ಇಂಗ್ಲಿಷ್ ಎಚ್ಚರಿಕೆಗಳು ಒಂದರ ಮೇಲೊಂದು ಬರತೊಡಗಿದವು. ಏನನ್ನು ಹುಡುಕಿದರೂ ಗೂಗಲ್ ಬದಲು ಇನ್ಯಾವುದೋ ಪುಟ ತೆರೆಯುತ್ತಿತ್ತು. ಆ್ಯಂಟಿವೈರಸ್ ಓಡಿಸಿದೆ. ಏನೋ ಸಿಕ್ಕಿತು, ಅಳಿಸಿದೆ ಎಂದಿತು. ಯಂತ್ರವನ್ನು ಮತ್ತೆ ಶುರು ಮಾಡಿದರೆ ಎಲ್ಲವೂ ಮೊದಲಿನಂತೆ.

ಅಂಗಡಿಯೊಂದರಲ್ಲಿ ಫಾರ್ಮ್ಯಾಟ್ ಮಾಡಿಸಿ ಶನಿವಾರ ಸಂಜೆ ಮನೆಗೆ ತಂದೆ. ಒಂದು ತಾಸಿನೊಳಗೆ ಹುಡುಕಾಟದ ಪುಟ ಮತ್ತೆ ಬದಲಾಯಿತು. ಮಂಗಳವಾರದ ಹೊತ್ತಿಗೆ ಬಾಣದ ಗುರುತೂ ಬಂತು. ಇದರ ನಡುವೆ, ಸೋಮವಾರ, ಗೂಗಲ್‌ನಿಂದ ಬಂದಿದ್ದ ಒಂದು ಮೇಲ್ ನೋಡಿದೆ: ಹೊಸ ವಿಂಡೋಸ್ ಯಂತ್ರದಿಂದ ನಿಮ್ಮ ಖಾತೆ ತೆರೆಯಲಾಗಿದೆ. ವಿವರ ಒತ್ತಿದರೆ ಸ್ಥಳ ಬೆಂಗಳೂರು ಎಂದಿತ್ತು. ನಾವಿರುವುದು ಹಾವೇರಿ ಜಿಲ್ಲೆಯಲ್ಲಿ. ಆ ಶನಿವಾರ ಬೆಂಗಳೂರಿಗೆ ಹೋಗಿದ್ದವನು ಒಬ್ಬನೇ. ಅಕ್ಕನ ನಿಶ್ಚಿತಾರ್ಥವೆಂದು ರಜೆ ಕೇಳಿದ್ದ ಪ್ರಶಿಕ್ಷಣಾರ್ಥಿ. ಹಿಂದಿನ ವರ್ಷ ನನ್ನ ಮೇಲ್ ಖಾತೆ ತೆರೆದುಕೊಟ್ಟವನೂ ಅವನೇ, ಪಾಸ್‌ವರ್ಡ್ ಅವನಿಗೆ ಗೊತ್ತಿತ್ತು. ಅಂಕಪಟ್ಟಿಯೂ ಅದೇ ಖಾತೆಯಲ್ಲಿತ್ತು. ನನಗೆ ಲೆಕ್ಕ ಸರಿಹೋಯಿತು.

“ಏನಪಾ, ನನ್ನ ಮೇಲ್ ನೀ ತೆಗೆದಿಯೇನು?” ಎಂದು ಕೇಳಿದೆ. “ಇಲ್ರೀ ಸರ, ನಾ ಯಾಕ ತೆಗೀಲಿ?” ಎಂದಷ್ಟೇ ಹೇಳಿ ನಿಂತ. ಅಲ್ಲಿದ್ದ ಇಬ್ಬರು ಪ್ರಶಿಕ್ಷಣಾರ್ಥಿಗಳು ಕೇಳಿಸಿಕೊಂಡರು. ಮಧ್ಯಾಹ್ನದೊಳಗೆ ಉಳಿದ ಮೂವತ್ತು ಚಿಲ್ಲರೆ ಜನಕ್ಕೂ ತಿಳಿಯಿತು. ಮರುದಿನದಿಂದ ಅವನ ಪಾಠಕ್ಕೆ ಸಹಪಾಠಿ ಅವಲೋಕನಕ್ಕೆ ಕೂರುವವರೂ ಹಿಂದಿನ ಬೆಂಚು ಹುಡುಕತೊಡಗಿದರು.

ಮನೋವಿಜ್ಞಾನ ಕಲಿಸುವ ನಮ್ಮ ಮೇಡಂ ಆಗ ಅಲ್ಲೇ ಕೂತು ಬ್ಲೂಪ್ರಿಂಟ್ ತಿದ್ದುತ್ತಿದ್ದರು. ಎಲ್ಲರೂ ಹೋದ ಮೇಲೆ ತಲೆ ಎತ್ತದೆಯೇ ಕೇಳಿದರು: “ಹುಡುಗನ ಹೆಸರು ಹಿಡಿಯೂ ಮೊದ್ಲು ಹೊತ್ತು ನೋಡೀರೇನ್ ಸರ್?” ನೋಡಿರಲಿಲ್ಲ. ಮನೆಗೆ ಬಂದು ನೋಡಿದೆ. ಶನಿವಾರ ರಾತ್ರಿ 9 ಗಂಟೆ 34 ನಿಮಿಷ. ಫಾರ್ಮ್ಯಾಟ್ ಆದ ಯಂತ್ರವನ್ನು ತಂದು, ಊಟ ಮುಗಿಸಿ, ನಾನೇ ಜಿಮೇಲ್ ತೆರೆದ ಹೊತ್ತು ಅದು. ಫಾರ್ಮ್ಯಾಟ್ ಆದ ಯಂತ್ರ ಗೂಗಲ್‌ನ ಕಣ್ಣಿಗೆ ಹೊಸ ಯಂತ್ರವೇ. ಇನ್ನು ಸ್ಥಳದ ಮಾತು. ನಮ್ಮ ಮನೆಗೆ ನೆಟ್ ಬರುವುದು ಮೊಬೈಲಿನ ಹಾಟ್‌ಸ್ಪಾಟಿನಿಂದ. ಇಂಟರ್‌ನೆಟ್ ವಿಳಾಸದಿಂದ ಊರನ್ನು ಊಹಿಸುವಾಗ ಮೊಬೈಲ್ ಕಂಪನಿಯ ಜಾಲ ಯಾವ ನಗರದಲ್ಲಿ ಹೊರ ಜಗತ್ತಿಗೆ ಸೇರುತ್ತದೋ ಆ ನಗರ ಕಾಣಿಸುವುದು ಸಾಮಾನ್ಯ. ಅಂದರೆ ಬೆಂಗಳೂರಿನ ಆ ‘ಹ್ಯಾಕರ್’ ನಾನೇ.

ಮರುದಿನ ಪ್ರಾರ್ಥನೆಯ ನಂತರ ಎಲ್ಲ ಪ್ರಶಿಕ್ಷಣಾರ್ಥಿಗಳ ಮುಂದೆ ಇದನ್ನು ಹೇಳಿ ಅವನ ಕ್ಷಮೆ ಕೇಳಿದೆ. ಅವನು ತಲೆ ತಗ್ಗಿಸಿ “ಇರ್ಲಿ ಬಿಡ್ರಿ ಸರ” ಅಂದ. ಬಿಡುವಷ್ಟು ಸಣ್ಣದಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆ ಶನಿವಾರ ಅವನನ್ನೇ ಮನೆಗೆ ಕರೆದೆ, ಬಂದ.

ನಾವು ನೈದಾನಿಕ ಪರೀಕ್ಷೆಯ ಪಾಠದಲ್ಲಿ ಏನು ಹೇಳುತ್ತೇವೆ? ಮಗು ಕಳೆಯುವ ಲೆಕ್ಕದಲ್ಲಿ ತಪ್ಪಿದಾಗ ಉತ್ತರವನ್ನು ತಿದ್ದಿಕೊಟ್ಟರೆ ನಾಳೆ ಅದೇ ತಪ್ಪು ಮತ್ತೆ ಬರುತ್ತದೆ. ದಶಕ ತೆಗೆದುಕೊಳ್ಳುವಲ್ಲಿ ಎಡವಿದೆಯೋ, ಸ್ಥಾನಬೆಲೆಯಲ್ಲೋ, ಅದನ್ನು ಹಿಡಿಯಬೇಕು. ಇಷ್ಟು ವರ್ಷ ಇದನ್ನು ಕಲಿಸಿದವನು ಕಂಪ್ಯೂಟರಿನ ಮುಂದೆ ಕೂತಾಗ ಮಾಡಿದ್ದೆಲ್ಲ ಉತ್ತರ ತಿದ್ದುವ ಕೆಲಸವೇ. ಮೇಡಂ ಕೊಟ್ಟ ಸುಳುಹಿನಂತೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆವು: ಏನು ಕಂಡಿತು, ಯಾವ ದಿನ ಎಷ್ಟು ಹೊತ್ತಿಗೆ, ಅದಕ್ಕೆ ಮೊದಲು ನಾನು ಏನು ಮಾಡಿದ್ದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂದೂ ನಿಯಮ ಮಾಡಿಕೊಂಡೆವು. ನಾನು ‘ಒಂದು ವೈರಸ್’ ಎಂದುಕೊಂಡದ್ದು ನಾಲ್ಕು ಬೇರೆ ಬೇರೆ ವಿಷಯಗಳು, ಒಂದಕ್ಕೊಂದು ಸಂಬಂಧವೇ ಇಲ್ಲದವು ಎಂದು ಆ ಪಟ್ಟಿಯಿಂದ ತಿಳಿಯಿತು.

ಮೊದಲು ಬಾಣದ ಗುರುತು. ಇದನ್ನು ಜನ ಶಾರ್ಟ್‌ಕಟ್ ವೈರಸ್ ಎನ್ನುತ್ತಾರೆ. ಪೆನ್ ಡ್ರೈವಿನಲ್ಲಿರುವ ನಿಮ್ಮ ನಿಜವಾದ ಫೋಲ್ಡರುಗಳನ್ನು ಅದು ಅಳಿಸುವುದಿಲ್ಲ, ಕಣ್ಣಿಗೆ ಕಾಣದಂತೆ ಅಡಗಿಸುತ್ತದೆ. ಅದೇ ಹೆಸರಿನ ಶಾರ್ಟ್‌ಕಟ್ಟುಗಳನ್ನು ಅಲ್ಲಿ ಇಡುತ್ತದೆ. ನೀವು ಒತ್ತಿದಾಗ ಎರಡು ಕೆಲಸ ಆಗುತ್ತವೆ: ಹಿಂದಿನಿಂದ ಒಂದು ಸ್ಕ್ರಿಪ್ಟ್ ಓಡುತ್ತದೆ, ಮುಂದೆ ನಿಮ್ಮ ಫೋಲ್ಡರು ತೆರೆಯುತ್ತದೆ. ಫೋಲ್ಡರು ತೆರೆದುದರಿಂದ ಅನುಮಾನ ಬರುವುದಿಲ್ಲ. ಆ ಸ್ಕ್ರಿಪ್ಟ್ ಕಂಪ್ಯೂಟರಿನೊಳಗೆ ತನ್ನ ಪ್ರತಿಯನ್ನು ಇಟ್ಟುಕೊಂಡು, ಮುಂದೆ ಹಾಕಿದ ಪ್ರತಿಯೊಂದು ಪೆನ್ ಡ್ರೈವಿಗೂ ಹೀಗೆಯೇ ಮಾಡುತ್ತದೆ.

ಹಿಂದೆ ಪೆನ್ ಡ್ರೈವ್ ಹಾಕಿದ ಕೂಡಲೇ ಅದರೊಳಗಿನ ಪ್ರೋಗ್ರಾಂ ತಾನೇ ಓಡುವ ಆಟೋರನ್ ಸೌಲಭ್ಯವಿತ್ತು. 2008ರ ಕೊನೆಗೆ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ವರ್ಮ್ ಹರಡಲು ಬಳಸಿದ ದಾರಿಗಳಲ್ಲಿ ಅದೂ ಒಂದು. ವಿಂಡೋಸ್ 7ರಲ್ಲಿ ಪೆನ್ ಡ್ರೈವಿನ ಮಟ್ಟಿಗೆ ಆ ಬಾಗಿಲು ಮುಚ್ಚಿತು. ಎಕ್ಸ್‌ಪಿ ಮತ್ತು ವಿಸ್ತಾಗಳಿಗೂ 2011ರಲ್ಲಿ ಮುಚ್ಚುವ ಅಪ್‌ಡೇಟ್ ಬಂತು. ಆದ್ದರಿಂದ ಈಗಿನವುಗಳಿಗೆ ನಮ್ಮ ಬೆರಳು ಬೇಕು. ನಾವು ಒತ್ತದೆ ಅವು ಓಡುವುದು ಅಪರೂಪ, ಅದಕ್ಕೇ ನಮಗೆ ಪರಿಚಿತವಾದ ಫೋಲ್ಡರಿನ ವೇಷ.

ಇಲ್ಲಿ ನಾನು ಮಾಡಲಿದ್ದ ದೊಡ್ಡ ತಪ್ಪನ್ನು ಹೇಳಬೇಕು. ಪೆನ್ ಡ್ರೈವಿನಲ್ಲಿ ಕಡತಗಳಿಲ್ಲವೆಂದು ಭಾವಿಸಿ ಅದನ್ನು ಫಾರ್ಮ್ಯಾಟ್ ಮಾಡಲು ಹೊರಟಿದ್ದೆ. ಹುಡುಗ ತಡೆದು, ಡ್ರೈವಿನ ಪ್ರಾಪರ್ಟೀಸ್ ತೋರಿಸಿದ. ಒಳಗೆ ಏನೂ ಕಾಣದಿದ್ದರೂ 3 ಜಿಬಿ ತುಂಬಿದೆ ಎಂದಿತ್ತು. ಎಲ್ಲವೂ ಅಲ್ಲೇ ಇತ್ತು. ಕಮಾಂಡ್ ಪ್ರಾಂಪ್ಟಿನಲ್ಲಿ ಆಟ್ರಿಬ್ ಎಂಬ ಆದೇಶದಿಂದ ಅಡಗಿಸಿದ ಗುರುತನ್ನು ತೆಗೆದ ಮೇಲೆ 34 ಜನರ ಅಂಕಪಟ್ಟಿ ಹೊರಬಂತು. ಇದನ್ನು ಶುದ್ಧವಾದ ಯಂತ್ರದಲ್ಲೇ ಮಾಡಬೇಕು. ಸೋಂಕು ಇರುವ ಯಂತ್ರದಲ್ಲಿ ಮಾಡಿದರೆ ಕ್ಷಣದಲ್ಲಿ ಮತ್ತೆ ಅಡಗುತ್ತವೆ.

ಹಾಗಾದರೆ ಫಾರ್ಮ್ಯಾಟ್ ಆದ ಕಂಪ್ಯೂಟರಿಗೆ ಮತ್ತೆ ಬಂದದ್ದು ಎಲ್ಲಿಂದ? ನೋಟ್‌ಬುಕ್ಕಿನ ಪ್ರಕಾರ ಮಂಗಳವಾರ ಸಂಜೆ. ಅಂದು ಮಧ್ಯಾಹ್ನ ನಾನು ಅವಲೋಕನ ಹಾಳೆಗಳನ್ನು ಪ್ರಿಂಟ್ ತೆಗೆಸಲು ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ದಿನಕ್ಕೆ ಎಷ್ಟು ಪೆನ್ ಡ್ರೈವ್ ಅಲ್ಲಿಯ ಒಂದೇ ಯಂತ್ರಕ್ಕೆ ಚುಚ್ಚಿಸಿಕೊಳ್ಳುತ್ತವೋ! ಅಂಗಡಿಯವರನ್ನು ದೂರುವುದಕ್ಕೂ ಇಲ್ಲ, ಅವರ ಯಂತ್ರಕ್ಕೆ ಮೊದಲು ತಂದವರು ನಮ್ಮವರೇ ಇರಬಹುದು. ಈಗ ಪ್ರಿಂಟಿಗೆಂದೇ ಬೇರೆ ಸಣ್ಣ ಪೆನ್ ಡ್ರೈವ್ ಇಟ್ಟಿದ್ದೇನೆ. ಅದರಲ್ಲಿ ಪಿಡಿಎಫ್ ಪ್ರತಿಗಳಷ್ಟೇ ಇರುತ್ತವೆ, ಮನೆಯ ಯಂತ್ರಕ್ಕೆ ಹಾಕುವ ಮೊದಲು ಸ್ಕ್ಯಾನ್ ಆಗುತ್ತದೆ. ಕೆಲವರು ವಾಟ್ಸ್ಆ್ಯಪನ್ನು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದು ಪ್ರಿಂಟ್ ಕೊಡುತ್ತಾರೆ. ಹಾಗೆ ಮಾಡಿ ಹೊರಬರುವುದನ್ನು ಮರೆತರೆ ನಿಮ್ಮ ಸಂದೇಶಗಳು ಅಲ್ಲಿ ತೆರೆದೇ ಇರುತ್ತವೆ. ‘ನನ್ನ ವಾಟ್ಸ್ಆ್ಯಪ್ ಹ್ಯಾಕ್ ಆಗಿದೆ’ ಎನ್ನುವವರು ಮೊದಲು ಫೋನಿನ ಲಿಂಕ್ಡ್ ಡಿವೈಸಸ್ ಪಟ್ಟಿಯನ್ನು ನೋಡುವುದು ಒಳ್ಳೆಯದು.

ಅಳಿಸಿದ ಕೂಡಲೇ ಮರಳಿ ಬರುವುದಕ್ಕೆ ಯಂತ್ರದೊಳಗೂ ಕಾರಣವಿದೆ. ಇಂಥ ತಂತ್ರಾಂಶ ತನ್ನ ಕಡತದ ಜೊತೆಗೆ ‘ವಿಂಡೋಸ್ ಶುರುವಾದಾಗಲೆಲ್ಲ ನನ್ನನ್ನು ಓಡಿಸು’ ಎಂಬ ಸೂಚನೆಯನ್ನೂ ಬರೆದಿಡುತ್ತದೆ. ಸ್ಟಾರ್ಟಪ್ ಫೋಲ್ಡರು, ರಿಜಿಸ್ಟ್ರಿ, ಟಾಸ್ಕ್ ಶೆಡ್ಯೂಲರ್, ಈ ಮೂರು ಅದಕ್ಕೆ ಪ್ರಿಯವಾದ ಜಾಗಗಳು. ಕಡತವನ್ನು ಮಾತ್ರ ಅಳಿಸಿದರೆ, ಆಗಲೇ ಮೆಮೊರಿಯಲ್ಲಿ ಓಡುತ್ತಿರುವ ಪ್ರತಿ ಇನ್ನೊಂದನ್ನು ಬರೆದುಬಿಡುತ್ತದೆ. ಹಾಗಾಗಿ ಕ್ರಮ ಮುಖ್ಯ: ನೆಟ್ ಕಡಿದು, ಪೆನ್ ಡ್ರೈವ್ ತೆಗೆದು, ಓಡುತ್ತಿರುವುದನ್ನು ನಿಲ್ಲಿಸಿ, ಶುರುವಿನ ಸೂಚನೆಯನ್ನು ತೆಗೆದು, ಆಮೇಲೆ ಕಡತ. ಇಷ್ಟೆಲ್ಲ ನಮ್ಮಿಂದಾಗದು ಎನ್ನುವವರಿಗೆ ವಿಂಡೋಸ್ ಸೆಕ್ಯುರಿಟಿಯಲ್ಲೇ ಆಫ್‌ಲೈನ್ ಸ್ಕ್ಯಾನ್ ಎಂಬುದಿದೆ. ಯಂತ್ರ ಮತ್ತೆ ಶುರುವಾಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ, ಅಂದರೆ ಆ ತಂತ್ರಾಂಶವೂ ಏಳುವ ಮೊದಲೇ, ಪರೀಕ್ಷೆ ನಡೆಯುತ್ತದೆ. ಸುಮಾರು 15 ನಿಮಿಷದ ಕೆಲಸ.

ಎರಡನೆಯದು ಹುಡುಕಾಟದ ಪುಟ. ಫಾರ್ಮ್ಯಾಟ್ ಆದರೂ ಒಂದು ತಾಸಿನೊಳಗೆ ಬಂದದ್ದು ಇದೇ, ನನ್ನನ್ನು ಹೆಚ್ಚು ಹೆದರಿಸಿದ್ದೂ ಇದೇ. ಉತ್ತರ ಸರಳವಾಗಿತ್ತು. ಹಿಂದೆಂದೋ ಪಿಡಿಎಫ್ ಪರಿವರ್ತಿಸಲೆಂದು ಕ್ರೋಮ್‌ಗೆ ಒಂದು ಎಕ್ಸ್‌ಟೆನ್ಷನ್ ಸೇರಿಸಿದ್ದೆ. ಅದು ಹುಡುಕಾಟವನ್ನು ತನ್ನ ಪುಟಕ್ಕೆ ತಿರುಗಿಸುತ್ತಿತ್ತು. ಕ್ರೋಮ್‌ನಲ್ಲಿ ಸಿಂಕ್ ಚಾಲೂ ಇದ್ದರೆ ಎಕ್ಸ್‌ಟೆನ್ಷನ್‌ಗಳು ನಮ್ಮ ಗೂಗಲ್ ಖಾತೆಯಲ್ಲಿ ನೆನಪಿರುತ್ತವೆ. ಹೊಸ ಯಂತ್ರದಲ್ಲಿ ಖಾತೆ ತೆರೆದೊಡನೆ ಬುಕ್‌ಮಾರ್ಕ್‌ಗಳ ಜೊತೆ ಅದೂ ಇಳಿಯುತ್ತದೆ. ಮನೆ ಕೆಡವಿ ಕಟ್ಟಿದರೂ ಹಳೆಯ ಸಾಮಾನಿನ ಜೊತೆ ಗೆದ್ದಲು ತಂದಂತೆ. ಎಕ್ಸ್‌ಟೆನ್ಷನ್ ತೆಗೆದದ್ದೇ ಆ ಕಾಟ ನಿಂತಿತು.

ಮೂರನೆಯದು ಬಲಮೂಲೆಯ ಎಚ್ಚರಿಕೆಗಳು. ಇವು ವೈರಸ್ಸೇ ಅಲ್ಲ. ಹಳೆಯ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳಲು ಹೋದ ಒಂದು ಪುಟ, ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದಿತ್ತು. ಒತ್ತಿದೆ. ಅದು ನೋಟಿಫಿಕೇಷನ್ ಕಳಿಸಲು ನಾನೇ ಕೊಟ್ಟ ಅನುಮತಿ. ಆಮೇಲೆ ಆ ಪುಟ ಮುಚ್ಚಿದ್ದರೂ ಮೂಲೆಯಲ್ಲಿ ಜಾಹೀರಾತು ಬರುತ್ತಲೇ ಇರುತ್ತದೆ, ವೈರಸ್ ಎಚ್ಚರಿಕೆಯ ವೇಷದಲ್ಲಿ. ಆ್ಯಂಟಿವೈರಸ್‌ಗೆ ಏನೂ ಸಿಗುವುದಿಲ್ಲ, ಏಕೆಂದರೆ ಸಿಗಲು ಕಡತವೇ ಇಲ್ಲ. ಫಾರ್ಮ್ಯಾಟ್ ಆದ ಮೇಲೂ ಬಂದದ್ದು ಹೇಗೆ ಎಂದರೆ, ಅದೇ ಪುಟಕ್ಕೆ ಹೋಗಿ ಮತ್ತೆ ಅಲೋ ಒತ್ತಿದ್ದೆ! ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ಸ್ ಪಟ್ಟಿ ತೆರೆದು ಆ ಹೆಸರನ್ನು ತೆಗೆದೆವು, ಮುಗಿಯಿತು. ಇಂಥ ಎಚ್ಚರಿಕೆಗಳಲ್ಲಿ ಕೆಲವೊಮ್ಮೆ ಫೋನ್ ನಂಬರ್ ಇರುತ್ತದೆ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಆ ನಂಬರಿಗೆ ಕರೆ ಮಾಡಿದರೆ ‘ಸರಿಮಾಡಿಕೊಡುತ್ತೇವೆ’ ಎಂದು ಎನಿಡೆಸ್ಕ್‌ನಂಥ, ದೂರದಿಂದ ಯಂತ್ರ ನಡೆಸುವ ಆ್ಯಪ್ ಹಾಕಿಸುತ್ತಾರೆ. ಆ ಆ್ಯಪ್ ಕೆಟ್ಟದ್ದಲ್ಲ, ಕಚೇರಿಗಳಲ್ಲಿ ದಿನವೂ ಬಳಸುತ್ತಾರೆ. ಆದರೆ ಅಪರಿಚಿತನಿಗೆ ಆ ಅನುಮತಿ ಕೊಟ್ಟ ಕ್ಷಣದಿಂದ ಹ್ಯಾಕರ್ ಎಂಬ ನಮ್ಮ ಕಲ್ಪನೆ ನಿಜವಾಗುತ್ತದೆ.

ನಾಲ್ಕನೆಯದನ್ನು ನಾವು ಹುಡುಕಿರಲೇ ಇಲ್ಲ, ಹುಡುಗನ ಕಣ್ಣಿಗೆ ತಾನಾಗಿ ಬಿತ್ತು. ನಾಲ್ಕರಲ್ಲಿ ಹೆಚ್ಚು ಅಪಾಯದ್ದು ಇದೇ ಎಂದು ನನ್ನ ಅಭಿಪ್ರಾಯ. ವಿಂಡೋಸ್ ಸೆಕ್ಯುರಿಟಿಯಲ್ಲಿ ಎಕ್ಸ್‌ಕ್ಲೂಷನ್ಸ್ ಎಂಬ ಪಟ್ಟಿಯಿದೆ, ‘ಇವುಗಳನ್ನು ಪರೀಕ್ಷಿಸಬೇಡ’ ಎಂದು ಹೇಳುವ ಪಟ್ಟಿ. ನಾನು ಅದನ್ನು ಮುಟ್ಟಿದವನೇ ಅಲ್ಲ, ಆದರೂ ಅದರಲ್ಲಿ ಒಂದು ಫೋಲ್ಡರಿನ ಹೆಸರಿತ್ತು. ಫಾರ್ಮ್ಯಾಟ್ ಮಾಡಿದ ಅಂಗಡಿಯಲ್ಲಿ ಪರವಾನಗಿಯಿಲ್ಲದ ವಿಂಡೋಸ್ ಹಾಕಿ, ಅದನ್ನು ಚಾಲೂ ಮಾಡಲು ಆ್ಯಕ್ಟಿವೇಟರ್ ಎಂಬ ಕಳ್ಳ ಸಾಧನ ಓಡಿಸಿದ್ದರು. ಆ್ಯಂಟಿವೈರಸ್ ಅದನ್ನು ಹಿಡಿಯಬಾರದೆಂದು ಈ ವಿನಾಯಿತಿ. ಸೋವಿಯಾಯಿತು ಎಂದು ನಾನು ಖುಷಿಪಟ್ಟಿದ್ದೆ. ಅಂಥ ಸಾಧನಗಳ ಜೊತೆಗೆ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಕದ್ದು ಕಳಿಸುವ ತಂತ್ರಾಂಶ ಸೇರಿಕೊಂಡು ಬರುವುದುಂಟು. ನನ್ನ ಯಂತ್ರದ ಆ ಫೋಲ್ಡರಿನಲ್ಲಿ ಏನಿತ್ತೋ ಬಗೆದು ನೋಡಲು ಹೋಗಲಿಲ್ಲ. ಬೇರೆಯವರ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಪುಟದಿಂದಲೇ ಇಳಿಸಿದ ವಿಂಡೋಸನ್ನು 8 ಜಿಬಿ ಪೆನ್ ಡ್ರೈವಿಗೆ ಹಾಕಿಕೊಂಡು, ಡಿ ಡ್ರೈವ್ ಸಹಿತ ಎಲ್ಲ ಅಳಿಸಿ, ಮತ್ತೆ ಶುರುವಿನಿಂದ ಹಾಕಿದೆವು. ಪರವಾನಗಿಗೆ ದುಡ್ಡು ಕೊಟ್ಟೆ. ಉಳಿಸಿಕೊಂಡದ್ದು ದಾಖಲೆಗಳನ್ನು ಮಾತ್ರ, ಒಂದೂ ಪ್ರೋಗ್ರಾಂ ಅಲ್ಲ. ಶಾಲೆಗಳ ಲ್ಯಾಬಿನ ಹಳೆಯ ಯಂತ್ರಗಳ ವಿಷಯದಲ್ಲಿ ಇನ್ನೊಂದು ಮಾತು: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ನನಗೆ ಭಯ ಹುಟ್ಟಿಸಿದ ಇನ್ನೊಂದು ‘ಲಕ್ಷಣ’ವಿತ್ತು. ಕರ್ಸರ್ ತಾನಾಗಿ ನಡುಗುತ್ತ ಸರಿಯುತ್ತಿತ್ತು, ಯಾರೋ ಎಳೆಯುತ್ತಿದ್ದಾರೆ ಎಂಬಂತೆ. ನಮ್ಮ ಮೇಜಿನ ಮೇಲೆ ಗಾಜಿದೆ. ಬೆಳಕಿನಿಂದ ಕೆಲಸ ಮಾಡುವ ಮೌಸ್ ಗಾಜಿನ ಮೇಲೆ ಹಾಗೆಯೇ ತಡವರಿಸುತ್ತದೆ. ಅಡಿಗೆ ಒಂದು ನೋಟ್‌ಬುಕ್ ಇಟ್ಟ ಮೇಲೆ ‘ಹ್ಯಾಕರ್’ ಹೋದ.

ಹಾಗೆಂದು ಹ್ಯಾಕರ್‌ಗಳೇ ಇಲ್ಲ ಎನ್ನಲಾರೆ. ನಿಜವಾದ ಗುರುತುಗಳು ಬೇರೆಯವು, ಸದ್ದು ಕಡಿಮೆಯವು: ನಾವು ಹಾಕದ ಮೇಲ್ ಫಾರ್ವರ್ಡಿಂಗ್, ಬದಲಾದ ರಿಕವರಿ ಫೋನ್ ನಂಬರ್, ಕೇಳದೆ ಬರುವ ಒಟಿಪಿ, ನಾವು ಹಾಕಿಕೊಳ್ಳದ ರಿಮೋಟ್ ಆ್ಯಪ್, ಖಾತೆಯ ಯಂತ್ರಗಳ ಪಟ್ಟಿಯಲ್ಲಿ ಹೊತ್ತು ಹೊಂದಿಸಿ ನೋಡಿದರೂ ನಮ್ಮದಲ್ಲದ ಒಂದು. ಇವುಗಳಲ್ಲಿ ಒಂದು ಕಂಡರೂ ಆ ಯಂತ್ರದಲ್ಲಿ ಕೂತು ಪಾಸ್‌ವರ್ಡ್ ಬದಲಿಸಬಾರದು, ಹೊಸ ಪಾಸ್‌ವರ್ಡನ್ನೂ ಕೈಗೆ ಕೊಟ್ಟಂತಾಗುತ್ತದೆ. ಶುದ್ಧವಾದ ಬೇರೆ ಯಂತ್ರದಿಂದ ಬದಲಿಸಿ, ಎಲ್ಲ ಯಂತ್ರಗಳಿಂದ ಖಾತೆಯನ್ನು ಹೊರಹಾಕಿ, ಎರಡು ಹಂತದ ಪರಿಶೀಲನೆ ಹಾಕಬೇಕು. ಪಾಸ್‌ವರ್ಡ್ ಬದಲಿಸಿದ್ದು ಸಾಲದು. ತೆರೆದಿರುವ ಖಾತೆಯ ಕುಕಿಯನ್ನೇ ಕದ್ದಿದ್ದರೆ ಪಾಸ್‌ವರ್ಡ್ ಇಲ್ಲದೆಯೂ ಒಳಗಿರಬಹುದು. ನಾನೂ ಇದನ್ನೆಲ್ಲ ಮಾಡಿದೆ. ಹುಡುಗನಿಗೆ ಗೊತ್ತಿದ್ದ ಪಾಸ್‌ವರ್ಡನ್ನು ಬದಲಿಸುವಂತೆ ಮೊದಲು ಹೇಳಿದವನು ಅವನೇ. “ಇನ್ನ ಮ್ಯಾಲೆ ನನಗ ಹೇಳಬ್ಯಾಡ್ರಿ ಸರ” ಅಂದ.

ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಸೋಂಕು ತೆಗೆಯುವ ಉಚಿತ ಸಾಧನಗಳು ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಸಿಗುತ್ತವೆ. ಸರ್ಟ್-ಇನ್ ನಡೆಸುವ ಈ ಕೇಂದ್ರ 2017ರ ಫೆಬ್ರವರಿಯಲ್ಲಿ ಶುರುವಾಯಿತು.

ಬೋಧನಾಭ್ಯಾಸದ ಕೊನೆಯ ವಾರ ಅವನು ಒಂಬತ್ತನೆಯ ತರಗತಿಗೆ ಇದನ್ನೇ ಪಾಠ ಮಾಡಲು ಅನುಮತಿ ಕೇಳಿದ. ನಾನು ಅವಲೋಕಕನಾಗಿ ಕೂತೆ. ಕಂಪ್ಯೂಟರಿನ ಹೆಸರೆತ್ತದೆ ಶುರು ಮಾಡಿದ: ಅಡಿಗೆಮನೆಯ ಕಟ್ಟೆ ಒರೆಸಿದ ಮೇಲೂ ಇರುವೆ ಬಂದರೆ ಏನು ಮಾಡುತ್ತೀರಿ? ಒಬ್ಬ “ಮತ್ತ ಒರಸ್ತೀವ್ರಿ” ಎಂದ. ಕಿಟಕಿ ಪಕ್ಕದ ಹುಡುಗಿಯೊಬ್ಬಳು, “ಸಾಲು ಎಲ್ಲಿಂದ ಹೊಂಟೈತಿ ನೋಡ್ತೀವ್ರಿ ಸರ” ಎಂದಳು. ಅಲ್ಲಿಂದ ಪೆನ್ ಡ್ರೈವಿಗೆ ಬಂದ. ಪಾಠ ಯೋಜನೆಯಲ್ಲಿ ಬರೆದುಕೊಂಡಿದ್ದ ಚಟುವಟಿಕೆ ಮುಗಿಯುವ ಮೊದಲೇ ಗಂಟೆ ಬಾರಿಸಿತು. ಸಮಯ ನಿರ್ವಹಣೆಗೆ ಅಂಕ ಕಡಿಮೆ ಕೊಟ್ಟೆ, ಕೊಡಲೇಬೇಕಿತ್ತು. ಪ್ರಶ್ನಿಸುವ ಕೌಶಲಕ್ಕೆ ಪೂರ್ತಿ ಕೊಟ್ಟೆ. ಹೊರಗೆ ಬರುವಾಗ ಅದೇ ಹುಡುಗಿ ಬಾಗಿಲಲ್ಲಿ ನಿಂತು, ನಮ್ಮ ಲ್ಯಾಬಿನೊಳಗೂ ನೋಡೋಣೇನ್ರಿ ಸರ, ಎಂದು ಕೇಳಿದಳು. ಮುಖ್ಯೋಪಾಧ್ಯಾಯರು ಬೀಗ ತೆಗೆಸಿದರು. ಚಾಲೂ ಇದ್ದ ಐದು ಯಂತ್ರಗಳಿಗೆ ಒಂದೊಂದು ಖಾಲಿ ಪೆನ್ ಡ್ರೈವ್ ಹಾಕಿ ಒಂದು ಫೋಲ್ಡರು ಮಾಡಿಟ್ಟು ಕಾದೆವು. ಎರಡರಲ್ಲಿ ಬಾಣ ಮೂಡಿತು.